ಬೀಳದ ಸೇತುವೆಗೆ ಅನುಭವ ಸಾಲದು

ಬಹಳ ಹಿಂದೆ, ಅಂದರೆ ಟೆಂಡರ್ ಹುಟ್ಟಿ ನಾಚಿಕೆ ಸತ್ತ ವರ್ಷದಲ್ಲಿ, ಜಾರುಗಲ್ಲು ಎಂಬುದೊಂದು ರಾಜ್ಯವಿತ್ತು. ಅದರ ತುಂಬಿದ ಒಡ್ಡೋಲಗದಲ್ಲಿ ಒಂದು ಬೆಳಿಗ್ಗೆ ಕಾಮಗಾರಿ ಅಮಾತ್ಯರಾದ ನಿರುಪಾದಿಯವರು ಕಲ್ಲುಕುಟಿಗ ಗಾದಿಲಿಂಗನ ಅರ್ಜಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದು, ಕಂಬದ ಹಿಂದೆ ನಿದ್ದೆ ಮಾಡುತ್ತಿದ್ದವರಿಗೂ ಕೇಳುವಂತೆ ಹೇಳಿದರು:

"ನೋಡಿರಿ ಮಹಾಜನರೇ! ಐವತ್ತೆರಡು ವರ್ಷದ ಗಂಡಸು. ಜೀವಮಾನದಲ್ಲಿ ಕಟ್ಟಿದ್ದು ಒಂದೇ ಒಂದು ಸೇತುವೆ. ಒಂದು! ನಮ್ಮ ಮನೆಯ ಜೇಡ ಇವನಿಗಿಂತ ಹೆಚ್ಚು ಕಟ್ಟಿದೆ. ಇಂಥವನಿಗೆ ರಾಜಸೇತುವೆಯ ಟೆಂಡರ್ ಬೇಕಂತೆ!"

ಸಭೆ ನಕ್ಕಿತು. ಮಹಾರಾಜ ಮೂರನೆಯ ಮಂಗಳಸೇನರು ಕೊನೆಯಲ್ಲಿ ನಕ್ಕರು. ಅವರಿಗೆ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಗಾದಿಲಿಂಗ ಹೆಗಲ ಮೇಲಿನ ವಲ್ಲಿಯನ್ನು ಹಿಂಡುತ್ತ ನಿಂತಿದ್ದ. ಕಲ್ಲಿನ ಚಕ್ಕೆ ಸಿಡಿದು ಒಂದು ಹುಬ್ಬು ಅರ್ಧಕ್ಕೇ ನಿಂತ ಮುಖ. ಅವನು ಮೆಲ್ಲಗೆ ಅಂದ: "ಒಂದ ಕಟ್ಟೇನ್ರಿ ಧಣ್ಯಾರ, ಖರೆ. ಆದ್ರ ಅದು ಇಪ್ಪತ್ತೆರಡು ವರ್ಷದಿಂದ ನಿಂತೈತ್ರಿ."

"ಅದೇ ನಿನ್ನ ರೋಗ!" ಎಂದರು ಅಮಾತ್ಯರು.

ಜಾರುಗಲ್ಲಿನ ರಾಜಧಾನಿ ದೊಡ್ಡ ಊರೇನಲ್ಲ. ಅರಮನೆಯಲ್ಲಿ ಒಗ್ಗರಣೆ ಹಾಕಿದರೆ ಸುಂಕದಕಟ್ಟೆಯಲ್ಲಿ ಸೀನು ಬರುವಷ್ಟೇ ಊರು. ನಡುವೆ ಹರಿಯುವುದು ಕರೇಹಳ್ಳ. ಈಚೆ ಅರಮನೆ, ಪೇಟೆ, ಸೂಲಗಿತ್ತಿ ಈರಮ್ಮನ ಮನೆ. ಆಚೆ ಕಲ್ಲುಕುಟಿಗರ ಕೇರಿ. ಕೇರಿಯ ಎದುರಿಗೇ ಇದ್ದ ರಾಜಸೇತುವೆ ಐದು ವರ್ಷದಲ್ಲಿ ಮೂರು ಸಲ ಎದ್ದು ಮೂರು ಸಲ ಬಿದ್ದಿತ್ತು. ಇನ್ನೊಂದು ಸೇತುವೆ ಹಳ್ಳದ ಮೇಲ್ಭಾಗಕ್ಕೆ ಒಂದು ಹರದಾರಿ ದೂರದಲ್ಲಿತ್ತು. ಅದೇ ಗಾದಿಲಿಂಗ ಕಟ್ಟಿದ್ದು. ಕೇರಿಯವರು, ಕುಂಬಾರರು, ಎಮ್ಮೆ ಮೇಯಿಸುವವರು ಸೇರಿ ಕಲ್ಲು ಹೊತ್ತು ತಾವೇ ಕಟ್ಟಿಕೊಂಡಿದ್ದು. ಆ ಹಾದಿ ಎರೆಮಣ್ಣಿನದು. ಮಳೆ ಹಿಡಿದರೆ ಗಾಡಿಯ ಗಾಲಿ ಅಚ್ಚಿನವರೆಗೂ ಹೂತುಹೋಗುತ್ತಿತ್ತು.

ಹೋದ ಮಳೆಗಾಲದಲ್ಲಿ ಕೇರಿಯ ಹೆಣ್ಣುಮಗಳೊಬ್ಬಳ ಹೆರಿಗೆಯನ್ನು ಈರಮ್ಮ ಈ ದಂಡೆಯ ಮೇಲೆ ನಿಂತು, ತುಂಬಿದ ಹಳ್ಳದ ಆಚೆಗೆ ಕೂಗಿ ಕೂಗಿ ಮಾಡಿಸಿದ್ದಳು. ತಾಯಿ ಉಳಿದಳು. ಕೂಸಿಗೆ ಕೂಗು ಕೇಳಿಸಲಿಲ್ಲ.

ಈಗ ಗಾದಿಲಿಂಗನ ಮಗಳು ಹುಲಿಗೆವ್ವನ ಬಸುರಿಗೆ ಏಳು ತಿಂಗಳು ತುಂಬಿತ್ತು. ಲೆಕ್ಕ ಹಾಕಿದರೆ ಹೆರಿಗೆ ಮಳೆಗೇ ಬೀಳುತ್ತಿತ್ತು. ಅದಕ್ಕೇ ಅವನು ಟೆಂಡರ್ ಹಾಕಿದ್ದ. ಬೆಳಗಿನಿಂದ ಬೈಗಿನವರೆಗೆ ಕೇರಿಯ ಇಪ್ಪತ್ತು ಜನ ನಿಂತರೆ ನಲವತ್ತು ದಿನದಲ್ಲಿ ಮುಗಿಸುತ್ತೇನೆ ಎಂದು ಬರೆಸಿದ್ದ.

ಆದರೆ ಆ ರಾಜ್ಯದಲ್ಲಿ ಪಾರದರ್ಶಕತೆ ಬಹಳ. ಎಷ್ಟೆಂದರೆ ಟೆಂಡರ್ ಪೆಟ್ಟಿಗೆಯನ್ನೇ ಗಾಜಿನಿಂದ ಮಾಡಿಸಿದ್ದರು. ಎಲ್ಲರೂ ದರ ಬರೆದು ಹಾಕಿದ ಮೇಲೆ ಗುತ್ತಿಗೆದಾರ ಶರಭಣ್ಣನವರು ಕನ್ನಡಕ ಹಾಕಿಕೊಂಡು ಬಂದು, ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲರಿಗಿಂತ ಒಂದು ಬಿಲ್ಲೆ ಕಡಿಮೆ ಬರೆದು ಹಾಕುತ್ತಿದ್ದರು. ಶರಭಣ್ಣನವರು ಅಮಾತ್ಯರಿಗೆ ಸಂಬಂಧಿಯೇನಲ್ಲ. ಮಕ್ಕಳ ಮದುವೆ ಆಗಿನ್ನೂ ನಿಶ್ಚಯವಾಗಿರಲಿಲ್ಲ.

ಅಮಾತ್ಯರು ಸಭೆಗೆ ನಿಯಮ ಓದಿ ಹೇಳಿದರು: "ಗುತ್ತಿಗೆದಾರನಾದವನು ಕಳೆದ ಐದು ವರ್ಷದಲ್ಲಿ ಕನಿಷ್ಠ ಮೂರು ಸೇತುವೆಗಳನ್ನು ಕಟ್ಟಿ ಮುಗಿಸಿರತಕ್ಕದ್ದು. ಇದು ಪ್ರೀ-ಕ್ವಾಲಿಫಿಕೇಶನ್. ಶರಭಣ್ಣನವರು ಕಟ್ಟಿದ್ದಾರೆ. ಮೂರು! ಮೂರಕ್ಕೂ ಸರ್ಟಿಫಿಕೇಟ್ ಇದೆ."

"ಧಣ್ಯಾರ, ಅದು ಒಂದ ಸೇತುವೆರಿ. ಮೂರ ಸಲ ಬಿದ್ದೈತಿ."

"ಬೀಳುವುದು ಬೇರೆ ಇಲಾಖೆ," ಎಂದರು ಅಮಾತ್ಯರು. "ನಮ್ಮದು ಕಟ್ಟುವ ಇಲಾಖೆ."

ಶರಭಣ್ಣನವರು ವಿನಯದಿಂದ ಎದ್ದು ಕೈ ಮುಗಿದರು. "ಪ್ರಭೂ, ಮೊದಲನೇದಕ್ಕೆ ದೃಷ್ಟಿ ತಾಕಿತು. ಎರಡನೇದು ಜನ ಅದರ ಮ್ಯಾಲೆ ಓಡಾಡಿದ್ದಕ್ಕ ಬಿತ್ತು. ಡಿಸೈನ್‌ನಾಗ ಓಡಾಟ ಇರಲಿಲ್ಲ. ಮೂರನೇದು ತಮ್ಮ ಕೈಗುಣ. ತಾವು ರಿಬ್ಬನ್ ಕತ್ತರಿಸಿದ ಕೂಡಲೇ ಆನಂದ ತಡೀಲಾರದೆ ಕುಸೀತು."

ಮಹಾರಾಜರಿಗೆ ಸಂತೋಷವಾಯಿತು. ರಾಜ್ಯಭಾರದಲ್ಲಿ ಅವರಿಗೆ ಗೊತ್ತಿದ್ದದ್ದು ರಿಬ್ಬನ್ ಕತ್ತರಿಸುವುದೊಂದೇ. ಅದಕ್ಕೊಂದು ಬಂಗಾರದ ಕತ್ತರಿ, ಕತ್ತರಿಗೊಬ್ಬ ಅಧೀಕ್ಷಕ, ಅಧೀಕ್ಷಕನಿಗೊಂದು ಕುದುರೆ. ಬಿದ್ದ ಸೇತುವೆಯೊಂದು ಅವರಿಗೆ ಮೂರು ಉದ್ಘಾಟನೆ ಕೊಟ್ಟಿತ್ತು.

ಇಲ್ಲಿ ಗಾದಿಲಿಂಗನಿಗೆ ಸುಮ್ಮನಿರಲು ಆಗಲಿಲ್ಲ. ಕಲ್ಲಿನ ಮಾತು ಬಂದರೆ ಅವನಿಗೆ ನೆತ್ತಿಗೇ ಏರುತ್ತಿತ್ತು. "ನನ್ನ ಸೇತುವೆ ಬಂದು ನೋಡ್ರಿ ಅಪ್ಪಾರ!" ಎಂದುಬಿಟ್ಟ. "ಆನಿ ಹತ್ತಸ್ರಿ ಬೇಕಾದ್ರ. ಒಂದು ಚಕ್ಕಿ ಉದುರಿದ್ರ ನನ್ನ ಕೈ ಕಡೀರಿ."

ಅವನು ಮಾಡಿದ ತಪ್ಪು ಇದೊಂದೇ. ನೆಟ್ಟಗಿರುವ ವಸ್ತುವನ್ನು ಸರಕಾರಕ್ಕೆ ತೋರಿಸಬಾರದು ಎಂಬುದು ಜಾರುಗಲ್ಲಿನ ಎಮ್ಮೆಗಳಿಗೂ ಗೊತ್ತಿತ್ತು.

ಮರುದಿನವೇ ತಪಾಸಣಾ ಸಮಿತಿ ಮೇಲ್ಭಾಗದ ಸೇತುವೆಗೆ ಹೊರಟಿತು. ಆನೆ ಹತ್ತಿಸಿದರು. ಆನೆ ಆಚೆ ಹೋಯಿತು, ಈಚೆ ಬಂತು, ನಡುವೆ ನಿಂತು ಲದ್ದಿಯನ್ನೂ ಹಾಕಿತು. ಸೇತುವೆ ಮಿಸುಕಲಿಲ್ಲ. ವರದಿಯಲ್ಲಿ 'ಆನೆಯ ತೂಕದ ಬಗ್ಗೆ ಅನುಮಾನವಿದೆ' ಎಂದು ಬರೆಯಲಾಯಿತು.

ಆಮೇಲೆ ಕರಣಿಕ ಯಂಕೋಬ ಕಡತ ಹುಡುಕಿದ. ಕಡತವಿರಲಿಲ್ಲ. ಶಂಕುಸ್ಥಾಪನೆಯ ಕಲ್ಲಿರಲಿಲ್ಲ. ದುರಸ್ತಿಗೆಂದು ಇಪ್ಪತ್ತೆರಡು ವರ್ಷದಲ್ಲಿ ಒಂದು ಟೆಂಡರೂ ಆಗಿರಲಿಲ್ಲ. ಮಹಾರಾಜರು ಆ ತುದಿಯಿಂದ ಈ ತುದಿಗೆ ನಡೆದು, ತಮ್ಮ ಹೆಸರಿಗಾಗಿ ಹುಡುಕಿ, ಎಮ್ಮೆಯೊಂದು ಮೈ ಉಜ್ಜಿದ ಗುರುತು ಬಿಟ್ಟು ಇನ್ನೇನೂ ಕಾಣದೆ ಕಣ್ಣಲ್ಲಿ ನೀರು ತಂದುಕೊಂಡರು.

"ಅಮಾತ್ಯರೇ, ಇದನ್ನು ನಾವು ಉದ್ಘಾಟಿಸಿಯೇ ಇಲ್ಲವಲ್ಲ?"

"ಇಲ್ಲ ಪ್ರಭೂ. ಇದು ತಮಗೆ ಹೇಳದೆ ಕೇಳದೆ ನಿಂತಿದೆ. ಇದು ನಿಂತಿರುವವರೆಗೂ ತಮ್ಮ ಮೂರು ಸೇತುವೆಗಳಿಗೆ ಮಾನಹಾನಿ."

ಹೀಗೆ ರಾಜಶಾಸನ ಹೊರಟಿತು. ಸ್ವಸ್ತಿ ಶ್ರೀಯಿಂದ ಶುರುವಾಗಿ, ಸಾರ್ವಜನಿಕ ಹಿತಾಸಕ್ತಿಯ ಮೇಲೆ ಹಾದು, ಅನಧಿಕೃತವಾಗಿ ಗಟ್ಟಿಯಾಗಿರುವ ಸದರಿ ಸೇತುವೆಯನ್ನು ಕೆಡವತಕ್ಕದ್ದು ಎಂದು ಮುಗಿಯಿತು. ಕೆಡವುವುದಕ್ಕೂ ಟೆಂಡರ್ ಕರೆದರು; ಅದರಲ್ಲೇ ಒಂದು ತಿಂಗಳು ಕಳೆಯಿತು. ಅರ್ಹತೆ: ಕನಿಷ್ಠ ಮೂರು ಸೇತುವೆಗಳನ್ನು ನೆಲಕ್ಕುರುಳಿಸಿದ ಅನುಭವ. ಇಡೀ ರಾಜ್ಯದಲ್ಲಿ ಆ ಅರ್ಹತೆ ಇದ್ದವರು ಒಬ್ಬರೇ. ಶರಭಣ್ಣನವರು ಅದೇ ಮೂರು ಸರ್ಟಿಫಿಕೇಟುಗಳನ್ನು ತಲೆಕೆಳಗು ಮಾಡಿ ಲಗತ್ತಿಸಿದರು. ಕೆಳಗಿನ ರಾಜಸೇತುವೆಯ ನಾಲ್ಕನೇ ಟೆಂಡರೂ ಅವರಿಗೇ ಆಯಿತು. ಅದರ ಕೆಲಸ ಮಳೆಗಾಲ ಮುಗಿದ ಮೇಲೆ; ಹಳ್ಳದಲ್ಲಿ ನೀರಿಲ್ಲದಿದ್ದಾಗ ಸೇತುವೆಗೆ ಅಪಾಯ ಕಡಿಮೆ.

ಓಲಗದ ಹೊರಗೆ ಯಂಕೋಬ ಗಾದಿಲಿಂಗನ ತೋಳು ಹಿಡಿದ. ಕೆಟ್ಟ ಮನುಷ್ಯನಲ್ಲ. "ಗಾದಿಲಿಂಗಣ್ಣ, ನನ್ನ ಮಾತ ಕೇಳು. ನೀನ ಮುಂದ ಬಿದ್ದು ನಿನ್ನ ಸೇತುವಿ ಕೆಡವು. ಮತ್ತ ಕಟ್ಟು. ಮತ್ತೊಮ್ಮಿ ಕೆಡವು, ಕಟ್ಟು. ಮೂರಾದುವು. ನಾನ ಸರ್ಟಿಫಿಕೇಟ್ ಬರದು ಕೊಡ್ತೀನಿ. ಬರೋ ವರ್ಷ ರಾಜಸೇತುವಿ ನಿಂದ."

"ಬರೋ ವರ್ಷ ನನ್ನ ಮೊಮ್ಮಗ ನಡೀತಿರ್ತಾನು, ಇಲ್ಲಾ ಇರೂದಿಲ್ಲ," ಎಂದ ಗಾದಿಲಿಂಗ. "ಮಳಿ ಇನ್ನ ಹತ್ತ ದಿನಕ್ಕ ಐತಿ. ಅಷ್ಟರಾಗ ನನ್ನ ಮಗಳ್ನ ಗಾಡಿಮ್ಯಾಗ ಆ ಸೇತುವಿ ದಾಟಿಸಿ ಈರಮ್ಮನ ಓಣಿಗೆ ಹಚ್ಚಬೇಕು. ನೀವು ಕೆಡವೂದು ಯಾವಾಗ?"

"ನಾಳೆಯಿಂದ," ಎಂದ ಯಂಕೋಬ, ನೆಲ ನೋಡುತ್ತ.

ಶರಭಣ್ಣನವರ ನಲವತ್ತು ಆಳುಗಳು ಮೂರು ದಿನ ಬಡಿದರು. ನಾಲ್ಕು ಹಾರೆ ಬಾಗಿದವು, ಒಬ್ಬನ ಸೊಂಟ ಹಿಡಿಯಿತು. ಮೈಗೆ ಹತ್ತಿದ್ದ ಪಾಚಿಯೆಲ್ಲ ಉದುರಿ ಸೇತುವೆ ಮೊದಲಿಗಿಂತ ಚಂದ ಕಾಣತೊಡಗಿತು. ಆ ಮೂರು ದಿನವೂ ಕಾವಲಿನವರು ಗಾದಿಲಿಂಗನ ಗಾಡಿಯನ್ನು ದಾಟಲು ಬಿಡಲಿಲ್ಲ. ಬೆಳಿಗ್ಗೆ ಬಂದು ನಿಲ್ಲುತ್ತಿತ್ತು, ಬೈಗಿಗೆ ಕೇರಿಗೆ ಮರಳುತ್ತಿತ್ತು. ಸುದ್ದಿ ತಿಳಿದ ಈರಮ್ಮ ಆಚೆ ದಂಡೆಯ ಕಾವಲಿನ ಹಿಂದೆ ಬಂದು ಕಾಯುತ್ತಿದ್ದಳು. ಹಾದಿಯ ಕುಲುಕಾಟಕ್ಕೆ ಹುಲಿಗೆವ್ವನ ಮುಖ ದಿನಕ್ಕಿಷ್ಟು ಬಿಳಚಿಕೊಂಡಿತು.

ಮೂರನೆಯ ದಿನ ಮಧ್ಯಾಹ್ನ ಮಹಾರಾಜರು ಕತ್ತರಿ ಸಮೇತ ಚಿತ್ತೈಸಿದರು. ಸೇತುವೆ ಬೀಳುವಾಗ ಏಳುವ ಧೂಳನ್ನು ನೋಡುವ ಆಸೆ ಅವರಿಗೆ. ನೆರಳು ಚೆನ್ನಾಗಿದೆಯೆಂದು ಚಪ್ಪರವನ್ನು ಕೇರಿಯ ದಂಡೆಯಲ್ಲಿ ಹಾಕಿದ್ದರು. ಸೇತುವೆ ನಿಜಕ್ಕೂ ಬಿದ್ದರೆ ಅರಮನೆಗೆ ವಾಪಸು ಹೋಗುವುದು ಹೇಗೆಂದು ಯಾರೂ ಯೋಚಿಸಿರಲಿಲ್ಲ; ಡಿಪಿಆರ್ ಎಂಬ ಯೋಜನಾ ವರದಿಯಲ್ಲಿ ಅದು ಇರಲಿಲ್ಲ.

"ಇನ್ನೂ ಬಿದ್ದಿಲ್ಲವೇ?" ಎಂದರು ಮಹಾರಾಜರು.

ಶರಭಣ್ಣನವರ ಹಣೆಯ ಮೇಲೆ ಬೆವರು. ಜೀವನದಲ್ಲಿ ಮೊದಲ ಸಲ ಅವರ ಕೈಯಲ್ಲಿ ಒಂದು ಸೇತುವೆ ಬೀಳಲೊಲ್ಲದಾಗಿತ್ತು. ಆದರೆ ಅಮಾತ್ಯರು ಇದ್ದದ್ದು ಯಾತಕ್ಕೆ?

"ಬಿದ್ದಿದೆ ಪ್ರಭೂ," ಎಂದರು. "ಕಡತದಲ್ಲಿ ಇವತ್ತು ಬೆಳಿಗ್ಗೆಯೇ ಬಿದ್ದಿದೆ. ಥರ್ಡ್ ಪಾರ್ಟಿ ಇನ್‌ಸ್ಪೆಕ್ಷನ್ ಆಗಿದೆ. ಕಣ್ಣಿಗೆ ಕಾಣುತ್ತಿರುವುದು ಬರೀ ಬಾಕಿ ಉಳಿದ ಕಲ್ಲು."

ಕಹಳೆ ಊದಿದರು. ಶರಭಣ್ಣನವರಿಗೆ ಶಾಲು ಹೊದಿಸಿ, 'ಸೇತುಭಂಗ ಸಾರ್ವಭೌಮ' ಎಂಬ ಬಿರುದನ್ನೂ ಮೈಸೂರುಪಾಕಿನ ತಟ್ಟೆಯನ್ನೂ ಕೊಟ್ಟರು. ಅವರ ಮಗಳಿಗೂ ಅಮಾತ್ಯರ ಮಗನಿಗೂ ಅಲ್ಲೇ ತಾಂಬೂಲ ಬದಲಾಯಿತು. ಹಿಂದೆಯೇ ಇನ್ನೊಂದು ಶಾಸನ: ಇಲ್ಲದ ಸೇತುವೆಯ ಮೇಲೆ ನಡೆಯುವುದು ಅಪರಾಧವಾದ್ದರಿಂದ, ಸದರಿ ಅಪರಾಧ ಮಾಡುವವರು ತಲೆಗೆ ಎರಡು ಬಿಲ್ಲೆ ದಂಡ ತೆತ್ತು ಮುಂದುವರಿಯತಕ್ಕದ್ದು.

ಜನ ಸಾಲು ನಿಂತರು. ಮೂರು ದಿನದಿಂದ ತಡೆದಿದ್ದ ಮಡಕೆ, ಹಾಲು, ಕಟ್ಟಿಗೆ ಎಲ್ಲ ಸಾಲಿನಲ್ಲಿತ್ತು. ಒಬ್ಬ ಕುಂಬಾರ, "ಸೇತುವಿ ಇಲ್ಲ ಅಂದ್ಮ್ಯಾಲೆ ನಾ ಎದರ ಮ್ಯಾಲೆ ಹೊಂಟೇನಪ್ಪಾ?" ಎಂದು ಕೇಳಿದ. "ದಂಡದ ಮ್ಯಾಲೆ," ಎಂದ ಕಾವಲಿನವ.

ಸಾಲಿನ ತುದಿಯಲ್ಲಿ ಗಾದಿಲಿಂಗನ ಗಾಡಿ. ಮಹಾರಾಜರ ಕಣ್ಣು ಅದರ ಮೇಲೆ ಬಿತ್ತು. ಬಿರುದು ಕೊಟ್ಟರೂ ಧೂಳು ಏಳದೆ ಅವರ ಮನಸ್ಸಿಗೆ ಸಮಾಧಾನವಾಗಿರಲಿಲ್ಲ. ಆಟಿಕೆ ಸಿಗದ ಮುಖ ಮಾಡಿಕೊಂಡು ಕೂತಿದ್ದರು. ಹತ್ತಿರ ಕರೆಸಿದರು.

"ಏನಯ್ಯಾ, ಇದನ್ನು ಕಟ್ಟಿದವನು ನೀನೇ ತಾನೆ? ಯಾವುದೋ ಒಂದು ಕಲ್ಲು ಎಳೆದರೆ ಇಡೀ ಸೇತುವೆ ಬೀಳುತ್ತದಂತೆ. ಯಾವ ಕಲ್ಲು?"

ಅಮಾತ್ಯರು ಬಾಗಿ, ಮಾತಿಗೆ ಬೆಣ್ಣೆ ಹಚ್ಚಿದರು: "ಹೇಳಯ್ಯಾ ಗಾದಿಲಿಂಗ. ಬೆರಳು ತೋರಿಸು ಸಾಕು. ಅನುಭವ ಪತ್ರ ಈಗಲೇ ಬರೆಸುತ್ತೇನೆ. ಕೆಳಗಿನ ರಾಜಸೇತುವೆಯಲ್ಲಿ ಸಬ್-ಕಾಂಟ್ರಾಕ್ಟ್ ಕೊಡಿಸುತ್ತೇನೆ. ನಿಮ್ಮ ಕೇರಿಯ ಮುಂದೆಯೇ, ನಿನ್ನ ಕೈಯಿಂದಲೇ. ಶರಭಣ್ಣನವರು ಮೇಲ್ವಿಚಾರಣೆ ಮಾಡುತ್ತಾರೆ, ಅಷ್ಟೆ."

ಗಾದಿಲಿಂಗನಿಗೆ ಆ ಕಲ್ಲು ಗೊತ್ತಿತ್ತು. ಎರಡನೆಯ ಕಮಾನು, ನೆತ್ತಿಯಿಂದ ಎಡಕ್ಕೆ ಒಂದು. ಅವನೇ ಕೊನೆಗೆ ಕೂರಿಸಿದ್ದು. ಸನ್ನೆಗೋಲು ಹಾಕುವ ಜಾಗ ಗೊತ್ತಿದ್ದರೆ ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ಬರುತ್ತಿತ್ತು. ಕೇರಿಯ ಮುಂದೆ ಗಟ್ಟಿ ಸೇತುವೆ, ತನ್ನ ಕೈಯದು: ಇಪ್ಪತ್ತು ಮನೆಯ ಬಾಣಂತಿಯರು ಅವನ ಕಣ್ಣ ಮುಂದೆ ಹಾದುಹೋದರು. ಪಡುವಣದಲ್ಲಿ ಮೋಡ ಕಟ್ಟಿತ್ತು. ಗಾಡಿಯಲ್ಲಿ ಹುಲಿಗೆವ್ವ ಹಲ್ಲು ಕಚ್ಚಿ, ಅಂಚಿನ ಗೂಟವನ್ನು ಬೆರಳು ಬೆಳ್ಳಗಾಗುವಂತೆ ಹಿಡಿದಿದ್ದಳು. ಇನ್ನೂ ದಿನ ತುಂಬಿರಲಿಲ್ಲ. ಆದರೂ ಆ ಹಿಡಿತ ಎಂಥದೆಂದು ನಾಲ್ಕು ಮಕ್ಕಳ ತಂದೆಗೆ ತಿಳಿಯಿತು.

ಅವನು ಎತ್ತಿನ ಮೂಗುದಾರ ಕೈಗೆ ತೆಗೆದುಕೊಂಡ.

"ಯಾವ ಕಲ್ಲೋ?" ಎಂದರು ಅಮಾತ್ಯರು.

ಗಾಡಿ ಸೇತುವೆಯ ಮೇಲೆ ಏರಿತು. ಕಾವಲಿನವ ಅಡ್ಡ ಬಂದು, "ಗಂಡಾಳಿಗೆ ಎರಡು, ಹೆಣ್ಣಾಳಿಗೆ ಎರಡು, ಒಳಗಿರೋದಕ್ಕ ಒಂದು!" ಎಂದು ಕೂಗಿದ. ಗಾದಿಲಿಂಗ ಸೊಂಟದ ಚೀಲವನ್ನು ಬಿಚ್ಚಿ ಇಡಿಯಾಗಿ ಅವನ ತಟ್ಟೆಗೆ ಹಾಕಿದ. ಹಿಂದೆ ಹಾಲಿನವಳು, ಕುಂಬಾರರು ತಂತಮ್ಮ ಗಂಟು ಬಿಚ್ಚತೊಡಗಿದರು.

"ಮಹಾರಾಜರು ಕೇಳ್ತಿದ್ದಾರೆ, ಯಾವ ಕಲ್ಲು?" ಅಮಾತ್ಯರ ದನಿ ಒಡೆಯಿತು. ಆಮೇಲೆ ಮಹಾರಾಜರೇ ಎದ್ದು ನಿಂತು, ಕತ್ತರಿ ಎತ್ತಿ ಕೂಗಿದರು.

ಗಾದಿಲಿಂಗ ಎತ್ತುಗಳ ಮುಂದೆ ನಡೆಯುತ್ತ ಎರಡನೆಯ ಕಮಾನು ದಾಟಿದ. ತಿರುಗಿ ನೋಡಲಿಲ್ಲ. ಆ ದಂಡೆಯಲ್ಲಿ ಈರಮ್ಮ ಸೆರಗು ಬಿಗಿದುಕೊಂಡು ಗಾಡಿಯ ಕಡೆಗೆ ಓಡಿ ಬರುತ್ತಿದ್ದಳು.