ಕಮಾಂಡರನ ಬಲ ಹುಬ್ಬು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಅಕ್ಕಿಕಾಳಿನಷ್ಟು ಅಗಲದ ಒಂದು ಸೀಳು. ಸೀಳು ಇದ್ದದ್ದು ಒಂದು ಹುಬ್ಬಿನಲ್ಲಿ. ಹುಬ್ಬು ಇದ್ದದ್ದು ‘ಏಳನೇ ಕಕ್ಷೆ’ ಎಂಬ ಟೀವಿ ಧಾರಾವಾಹಿಯ ಕಮಾಂಡರನ ಮುಖದ ಮೇಲೆ. ಆ ಮುಖ ಒಂದು ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ತಾನಾಗಿಯೇ ನಡೆದು ಬಂದು ರಾಕೆಟ್ಟನ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತಿತು.

ರಾಕೆಟ್ ಎನ್ನುವುದು ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಬೇರೆ, ಅದನ್ನು ಈಗ ಯಾರೂ ಬಳಸುವುದಿಲ್ಲ. ಬಾಹ್ಯಾಕಾಶದ ಸಿನಿಮಾ, ಧಾರಾವಾಹಿ ಯಾವುದೇ ಬಂದರೂ ಅವನು ಬಿಟ್ಟವನಲ್ಲ. ನೋಡಿದ ಮೇಲೆ ಅದರ ತಪ್ಪು ಹುಡುಕದೆ ಮಲಗಿದವನೂ ಅಲ್ಲ. ಗಾಳಿಯೇ ಇಲ್ಲದ ಕಡೆ ನೌಕೆ ಲಾರಿಯ ಹಾಗೆ ಸದ್ದು ಮಾಡುವುದು ಹೇಗೆ? ಎಲ್ಲ ಗ್ರಹದವರಿಗೂ ನಮ್ಮ ಭಾಷೆ ಕಲಿಸಿದವರು ಯಾರು? ಎಲ್ಲಕ್ಕಿಂತ ಅವನ ಹೊಟ್ಟೆ ಉರಿಸುತ್ತಿದ್ದ ಪ್ರಶ್ನೆ ಒಂದಿತ್ತು. ‘ಏಳನೇ ಕಕ್ಷೆ’ಯ ನೌಕೆಯಲ್ಲಿ ಮುನ್ನೂರು ಜನ. ಡಾಕ್ಟರು, ಇಂಜಿನಿಯರು, ಅಡಿಗೆಯವನು, ಕೊನೆಗೆ ಸಸ್ಯ ನೋಡಿಕೊಳ್ಳುವವಳೂ ಇದ್ದಾಳೆ. ಕ್ಷೌರದವನು ಮಾತ್ರ ಇಲ್ಲ. ನಾಲ್ಕು ವರ್ಷದ ಪಯಣದಲ್ಲಿ ಒಬ್ಬನ ಕೂದಲೂ ಒಂದು ಬೆರಳು ಬೆಳೆದಿಲ್ಲ. ಇದನ್ನೆಲ್ಲ ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಕುತ್ತಿಗೆಗೆ ರೇಜರ್ ಇಟ್ಟುಕೊಂಡು ಹೇಳಿದ ಅಭಿಪ್ರಾಯವನ್ನು ಯಾರೂ ಅಲ್ಲಗಳೆಯುವುದಿಲ್ಲವಾದ್ದರಿಂದ, ತನ್ನ ಮಾತಿಗೆ ಲೋಕವೆಲ್ಲ ಒಪ್ಪಿದೆ ಎಂದು ಅವನಿಗೆ ನಂಬಿಕೆ ಬಂದಿತ್ತು.

ಒಪ್ಪದೆ ಉಳಿದವರು ‘ಏಳನೇ ಕಕ್ಷೆ’ಯವರು ಮಾತ್ರ. ಒಂಬತ್ತನೇ ಕಂತಿನಲ್ಲಿ ಲೇಸರ್ ತಗುಲಿ ಕಮಾಂಡರನ ಎಡ ಹುಬ್ಬಿನಲ್ಲಿ ಸೀಳಾಗಿತ್ತು. ಮೂವತ್ತೊಂದನೇ ಕಂತಿನಿಂದ ಅದೇ ಸೀಳು ಬಲ ಹುಬ್ಬಿನಲ್ಲಿ ಕಾಣತೊಡಗಿತು. ರಾಕೆಟ್ ತನ್ನ ಹೆಂಡತಿಯನ್ನು ಟೀವಿಯ ಪಕ್ಕದಲ್ಲಿ ಕೂರಿಸಿ, ಅವಳ ಹುಬ್ಬಿಗೂ ಕಮಾಂಡರನ ಹುಬ್ಬಿಗೂ ತಾಳೆ ಹಾಕಿ ಎಡಬಲ ಖಾತ್ರಿ ಮಾಡಿಕೊಂಡ. ಆಮೇಲೆ ಧಾರಾವಾಹಿಯ ಆಫೀಸಿಗೆ ಪತ್ರ ಬರೆದ. ಒಂದಲ್ಲ, ಹನ್ನೊಂದು. ಒಂದಕ್ಕೂ ಉತ್ತರ ಬರಲಿಲ್ಲ. ‘ಏನು ರಾಕೆಟ್ಟು, ಮೇಲಿನಿಂದ ಸಂದೇಶ ಬಂತಾ?’ ಎಂದು ಬೀದಿಯವರು ಕೇಳುವುದು ದಿನದ ಕಾರ್ಯಕ್ರಮವಾಯಿತು. ಅವನಿಗೆ ಬೇಕಾಗಿದ್ದದ್ದು ಒಂದೇ ಸಾಲು: ‘ನೀವು ಹೇಳಿದ್ದು ಸರಿ.’ ಅದಕ್ಕಾಗಿ ಅವನು ನಿಜವಾಗಿಯೂ ಕೊರಗುತ್ತಿದ್ದ.

ಈಗ ಆ ಹುಬ್ಬೇ ಬಂದು ಕುರ್ಚಿಯಲ್ಲಿ ಕೂತಿದೆ.

“ಟೈರ್ ಪಂಚರ್ ಆಗಿದೆ. ಹಾಕಿ ಮುಗಿಸೋದ್ರೊಳಗೆ ಒಂದು ಶೇವ್ ಮಾಡಪ್ಪ,” ಎಂದ ನಟ, ಕಪ್ಪು ಕನ್ನಡಕ ತೆಗೆಯುತ್ತ. “ಸೆಟ್ಟಲ್ಲಿ ಶೇವ್ ಮಾಡೋ ನಮ್ಮವನಿಗೆ ಜ್ವರ. ಗಡ್ಡ ಮಾತ್ರ ತೆಗಿ. ಹುಬ್ಬಿಗೆ ಕೈ ಹಾಕ್ಬೇಡ.”

“ಆಯ್ತು ಸಾರ್,” ಎಂದ ರಾಕೆಟ್.

ಗಡ್ಡ ಮುಗಿಯಿತು. ಬಿಸಿ ಟವೆಲು ಮುಖಕ್ಕೆ ಬಿದ್ದದ್ದೇ ತಡ, ನಟನಿಗೆ ನಿದ್ದೆ ಹತ್ತಿತು. ಟವೆಲು ತೆಗೆದರೂ ಎಚ್ಚರವಾಗಲಿಲ್ಲ. ಬಲ ಹುಬ್ಬಿನ ಸೀಳು ರಾಕೆಟ್ಟನನ್ನೇ ನೋಡಿ ಅಣಕಿಸುವಂತಿತ್ತು.

ಮೂಲೆಯ ಬೆಂಚಿನಲ್ಲಿ ಪುಕ್ಕಟೆ ಪೇಪರ್ ಓದಲು ಬಂದಿದ್ದ ನಿವೃತ್ತ ಮೇಷ್ಟ್ರು ಎದ್ದು ಬಂದರು. ಪಕ್ಕದ ಅಂಗಡಿಯ ಟೈಲರ್ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಒಳಗೆ ನುಸುಳಿದ.

“ಇವನೇ ಅಲ್ವೇನಯ್ಯಾ?” ಎಂದು ಮೇಷ್ಟ್ರು ಪಿಸುಗುಟ್ಟಿದರು.

“ಇವರೇ ಮೇಷ್ಟ್ರೇ. ನೋಡಿ, ಬಲಗಡೆ ಇದೆ. ನಾನು ಬರ್ದಿದ್ದು ಸುಳ್ಳಾ?”

“ಮತ್ತೆ ಸುಮ್ನೆ ಯಾಕೆ ನಿಂತಿದ್ದೀಯೋ,” ಎಂದ ಟೈಲರ್. “ಅಳತೆ ತಪ್ಪಿದ ಬಟ್ಟೆ ಕೈಗೆ ಬಂದಾಗ ಸರಿ ಮಾಡ್ಬೇಕಪ್ಪ. ಪತ್ರ ಬರೀತಾ ಕೂತ್ಕೋತಾರಾ?”

“ಹುಬ್ಬು ಮುಟ್ಬೇಡ ಅಂದಿದ್ದಾರೆ.”

“ತಪ್ಪು ತಿದ್ದೋದು ಮುಟ್ಟಿದ ಹಾಗಲ್ಲ,” ಎಂದು ಮೇಷ್ಟ್ರು ತೀರ್ಪು ಕೊಟ್ಟರು. ನಲವತ್ತು ವರ್ಷ ಕೆಂಪು ಶಾಯಿ ಹಿಡಿದ ಕೈ ಅದು.

ರಾಕೆಟ್ ಲೆಕ್ಕ ಹಾಕಿದ. ಎಡ ಹುಬ್ಬಿನಲ್ಲಿ ಒಂದು ಸಣ್ಣ ಸೀಳು. ಬಲ ಹುಬ್ಬಿನದನ್ನು ಮೀಸೆ ತಿದ್ದುವ ಪೆನ್ಸಿಲಿನಿಂದ ತುಂಬುವುದು. ಸೆಟ್ಟಿನಲ್ಲಿ ಯಾರೋ ಒಬ್ಬರು ಗಮನಿಸುತ್ತಾರೆ, ಹಳೆಯ ಕಂತು ತೆಗೆದು ನೋಡುತ್ತಾರೆ, ‘ಅರೆ, ಇದಲ್ಲವೇ ಸರಿ’ ಎನ್ನುತ್ತಾರೆ. ಹಾಗೆಂದುಕೊಳ್ಳುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿತ್ತು. ಎಡ ಹುಬ್ಬಿನ ಸೀಳು ಅಚ್ಚುಕಟ್ಟಾಗಿಯೇ ಬಂತು.

ಪೆನ್ಸಿಲು ಕೈಕೊಟ್ಟಿತು. ತುಂಬಿದ ಬಣ್ಣ ಕಾಡಿಗೆಯಂತೆ ಮೆತ್ತಿಕೊಂಡು, ಬಲ ಹುಬ್ಬಿನ ಮೇಲೆ ಜಿಗಣೆ ಕಚ್ಚಿದ ಹಾಗೆ ಕಂಡಿತು. ಒದ್ದೆ ಬಟ್ಟೆಯಿಂದ ಒರೆಸಿದರೆ ಹಣೆಯವರೆಗೂ ಹರಡಿತು. ಮೆತ್ತಿಕೊಂಡ ಕೂದಲನ್ನು ಒಂದಿಷ್ಟು ಕತ್ತರಿಸಬೇಕಾಯಿತು.

“ಈಗ ಎಡಗಡೇದು ದಪ್ಪ ಆಯ್ತು,” ಎಂದ ಟೈಲರ್, ಟೇಪು ಹಿಡಿದು ಅಳೆಯುತ್ತ. “ಒಂದು ತೋಳು ಗಿಡ್ಡ ಆದ್ರೆ ನಾವು ಇನ್ನೊಂದನ್ನೂ ಕತ್ತರಿಸ್ತೀವಿ.”

ಎಡದ್ದನ್ನು ಕತ್ತರಿಸಿದ. ಆಗ ಬಲದ್ದು ಉದ್ದವಾಯಿತು. ಬಲದ್ದನ್ನು ಮೊಟಕು ಮಾಡಿದ. ಎಡದ ತುದಿ ಮೇಲಕ್ಕೆದ್ದ ಹಾಗೆ ಮೇಷ್ಟರಿಗೆ ಕಂಡಿತು. ಬೆಕ್ಕುಗಳಿಗೆ ಬೆಣ್ಣೆ ಹಂಚಲು ಹೋದ ಕೋತಿಯ ಕತೆಯನ್ನು ಅವರು ನಲವತ್ತು ವರ್ಷ ಪಾಠ ಮಾಡಿದ್ದರು. ಆದರೆ ಆ ಗಳಿಗೆಯಲ್ಲಿ ಅದು ಅವರ ನೆನಪಿಗೆ ಬರಲಿಲ್ಲ. ಕೊನೆಗೆ ಉಳಿದದ್ದು ಎಡಕ್ಕೆ ಎರಡು ಇರುವೆಯಷ್ಟು, ಬಲಕ್ಕೆ ಮೂರು ಇರುವೆಯಷ್ಟು. ಮೂರನೆಯದಕ್ಕೆ ರೇಜರ್ ಇಡುವಾಗ ಉದುರಿದ ಕೂದಲು ಮೂಗಿಗೆ ಹೋಗಿ, ಕಮಾಂಡರ್ ಮಲಗಿದ್ದಲ್ಲೇ ಸೀನಿದ. ಗಾಬರಿಯಲ್ಲಿ ಕೈ ಜಾರಿತು. ಇನ್ನು ಉಳಿದದ್ದನ್ನು ಇಟ್ಟುಕೊಂಡು ಮಾಡುವುದಾದರೂ ಏನು? ಅದೂ ಹೋಯಿತು.

“ಇಸ್ತ್ರಿ ಪೆಟ್ಟಿಗೆ ಬಿಸಿಗೆ ಇಟ್ಟು ಬಂದಿದ್ದೀನಿ,” ಎಂದು ಟೈಲರ್ ಹೊರಟ. ಮೇಷ್ಟರಿಗೆ ಮನೆಯಲ್ಲಿ ಯಾರೋ ಕಾಯುತ್ತಿರುವುದು ನೆನಪಾಯಿತು. ಸಲಹೆ ಕೊಡುವಾಗ ಮೂವರಿದ್ದ ಅಂಗಡಿಯಲ್ಲಿ ಅನುಭವಿಸಲು ಒಬ್ಬನೇ ಉಳಿದ.

ನಟ ಕಣ್ಣು ಬಿಟ್ಟ. ಕನ್ನಡಿಯಲ್ಲಿ ಯಾರೋ ಬೇರೆಯವರು ಕೂತಿದ್ದಾರೆ ಎಂದುಕೊಂಡನೋ ಏನೋ, ಸ್ವಲ್ಪ ಹೊತ್ತು ಮರ್ಯಾದೆಯಿಂದ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

“ಹುಬ್ಬು ಎಲ್ಲಿ?”

ರಾಕೆಟ್ ನೆಲ ತೋರಿಸಿದ.

“ಸಾರ್, ಒಂಬತ್ತನೇ ಕಂತಲ್ಲಿ ಲೇಸರ್ ತಗುಲಿದ್ದು ಎಡ ಹುಬ್ಬಿಗೆ. ಮೂವತ್ತೊಂದರಿಂದ ಬಲಕ್ಕೆ ಬಂದಿದೆ. ಯಾರೂ ನೋಡ್ಕೊಂಡಿಲ್ಲ. ತಿದ್ದೋಣ ಅಂತ ಹೋದೆ. ನಾನು ಹನ್ನೊಂದು ಪತ್ರ ಬರ್ದಿದ್ದೆ ಸಾರ್.”

ಏಳಲು ಹೊರಟಿದ್ದ ನಟ ಮತ್ತೆ ಕುರ್ಚಿಗೆ ಕುಸಿದ.

“ಆ ಪತ್ರ ಬರೆಯೋನು ನೀನಾ?”

“ನಾನೇ.”

“ಅಯ್ಯೋ ಪುಣ್ಯಾತ್ಮ. ನಿನ್ನ ಪತ್ರ ಬಂದಾಗೆಲ್ಲ ನಮ್ಮ ಕತೆಗಾರರು ಊಟ ಬಿಡ್ತಿದ್ರು. ‘ಇಡೀ ದೇಶದಲ್ಲಿ ಒಬ್ಬನಿಗೆ ಗೊತ್ತಾಗ್ಬಿಟ್ಟಿದೆ’ ಅಂತ. ಉತ್ತರ ಕೊಟ್ರೆ ಗುಟ್ಟು ಒಡೆಯುತ್ತೆ ಅಂತ ಬಾಯಿ ಮುಚ್ಕೊಂಡಿದ್ರು.”

“ಏನು ಗುಟ್ಟು ಸಾರ್?”

“ಅದು ತಪ್ಪಲ್ಲ ಕಣಪ್ಪಾ. ಮೂವತ್ತೊಂದನೇ ಕಂತಿನಿಂದ ಇರೋನು ಕಮಾಂಡರ್ ಅಲ್ಲ. ಕನ್ನಡಿ ಗ್ರಹದಿಂದ ಬಂದ ಅವನ ಪಡಿಯಚ್ಚು. ನಿಜವಾದ ಕಮಾಂಡರ್ ಸೆರೆಯಲ್ಲಿದ್ದಾನೆ. ಇವತ್ತು ಇಬ್ಬರೂ ಎದುರುಬದುರು ನಿಲ್ಲೋ ದೃಶ್ಯ. ಎಡ ಸೀಳಿನ ಭಾಗ ಎಂಟು ತಿಂಗಳ ಹಿಂದೇನೇ ತೆಗೆದಿಟ್ಟಿದ್ದಾರೆ. ಬಲ ಸೀಳಿನದು ಇವತ್ತು ತೆಗೀಬೇಕಿತ್ತು. ಸಂಜೆಗೆ ಸೆಟ್ಟು ಕಳಚ್ತಾರೆ.”

ಒಂದೊಂದೇ ಕಂತು ರಾಕೆಟ್ಟನ ಕಣ್ಣ ಮುಂದೆ ಹಾದು ಹೋಯಿತು. ಕಮಾಂಡರ್ ತನ್ನ ನಾಯಿಯ ಹೆಸರನ್ನೇ ತಪ್ಪಾಗಿ ಕರೆದದ್ದು. ದಿನಾ ಎಳೆದು ತೆಗೆಯುವ ಬಾಗಿಲನ್ನು ತಳ್ಳಿದ್ದು. ತಾಯಿಯ ಫೋಟೋ ಮುಂದೆ ನಿಂತು ಗುರುತು ಸಿಗದವನಂತೆ ದಾಟಿ ಹೋದದ್ದು. ಎಲ್ಲವನ್ನೂ ಅವನು ನೋಡಿದ್ದ. ಎಲ್ಲವನ್ನೂ ತಪ್ಪುಗಳ ಪಟ್ಟಿಗೆ ಸೇರಿಸಿ ಪತ್ರದಲ್ಲಿ ಬರೆದಿದ್ದ. ಇಂಥ ಕತೆಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಇನ್ನು ನೋಡುವಂತೆಯೂ ಇರಲಿಲ್ಲ.

“ಅಂಟಿಸೋ ಹುಬ್ಬು ಆಗಲ್ವಾ ಸಾರ್?”

“ಕ್ಯಾಮೆರಾ ಹುಬ್ಬಿನಿಂದ ನಾಲ್ಕು ಬೆರಳು ದೂರ ಇರುತ್ತೆ. ಎರಡು ತಿಂಗಳು ಬೇಕು ಇದು ಬೆಳೆಯೋಕೆ,” ಎಂದ ನಟ. ಕಪ್ಪು ಕನ್ನಡಕ ಹಾಕಿಕೊಂಡು, ಬಾಗಿಲಲ್ಲಿ ಒಮ್ಮೆ ನಿಂತ. “ಇಷ್ಟು ಚೆನ್ನಾಗಿ ನೋಡಿದೋನು, ಇನ್ನೊಂಚೂರು ನಂಬಿದ್ರೆ ಏನಾಗ್ತಿತ್ತಪ್ಪಾ?”

ಬೈದಿದ್ದರೆ ಚೆನ್ನಾಗಿತ್ತು. ರಾಕೆಟ್ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಬೀದಿಯಲ್ಲಿ ಗಾಡಿ ನಿಂತ ಸದ್ದಾದಾಗೆಲ್ಲ ಪೊಲೀಸರೇ ಬಂದರೆಂದು ಎದ್ದು ನಿಂತ. ಮೇಷ್ಟ್ರೂ ಟೈಲರೂ ಇಣುಕಿ ನೋಡಿ, ಮುಖದ ಬಣ್ಣ ಕಂಡು ಹಾಗೇ ಹಿಂದಕ್ಕೆ ಹೋದರು.

ಸಂಜೆ ಐದಕ್ಕೆ ಸ್ಕೂಟರೊಂದು ಬಂದು ಅಂಗಡಿಯ ಮುಂದೆ ನಿಂತಿತು. ಬಂದವನು ಹೆಸರು ಕೇಳಿ, ಸಹಿ ಹಾಕಿಸಿಕೊಂಡು, ಒಂದು ಲಕೋಟೆ ಕೊಟ್ಟು ಹೋದ. ಲಕೋಟೆಯ ಮೇಲೆ ‘ಏಳನೇ ಕಕ್ಷೆ’ಯ ಮುದ್ರೆ. ಅದನ್ನು ಕಂಡದ್ದೇ ಟೈಲರ್ ಬೀದಿಗೆಲ್ಲ ಕೂಗಿ ಹೇಳಿದ. ಕ್ಷಣದಲ್ಲಿ ಅಂಗಡಿ ತುಂಬಿತು. ಅಂಗಡಿಯ ಹಿಂದಿನ ಮನೆಯಿಂದ ಹೆಂಡತಿಯೂ ಕೈ ಒರೆಸಿಕೊಳ್ಳುತ್ತ ಬಂದಳು. ರಾಕೆಟ್ ಲಕೋಟೆ ಒಡೆಯುವಷ್ಟರಲ್ಲಿ ಪತ್ರವನ್ನು ಮೇಷ್ಟ್ರು ಕಸಿದುಕೊಂಡು ಗಟ್ಟಿಯಾಗಿ ಓದಿದರು.

“ಮಾನ್ಯ ವೀಕ್ಷಕರೇ, ತಮ್ಮ ಹನ್ನೊಂದು ಪತ್ರಗಳಿಗೆ ತಡವಾಗಿ ಉತ್ತರಿಸುತ್ತಿದ್ದೇವೆ, ಕ್ಷಮಿಸಿ. ಕಮಾಂಡರನ ಸೀಳು ಎಡದಿಂದ ಬಲಕ್ಕೆ ಬಂದದ್ದು, ನಾಯಿಯ ಹೆಸರು ಬದಲಾದದ್ದು, ಬಾಗಿಲು ತಳ್ಳಿದ್ದು ಎಲ್ಲವೂ ನಮ್ಮ ತಪ್ಪು. ನೀವು ಹೇಳಿದ್ದು ಸರಿ. ಈ ಭಾನುವಾರದ ಕಂತಿನಲ್ಲಿ ವಿಕಿರಣ ತಗುಲಿ ಕಮಾಂಡರನ ಎರಡು ಹುಬ್ಬೂ ಉದುರುತ್ತವೆ. ಇನ್ನು ಎಡಬಲದ ಗೊಂದಲ ಇರುವುದಿಲ್ಲ. ಕಂತಿನ ಆರಂಭದಲ್ಲಿ ತಮ್ಮ ಹೆಸರು ಹೇಳಿ ತಪ್ಪೊಪ್ಪಿಗೆ ಸಲ್ಲಿಸುತ್ತೇವೆ. ಇಂತಿ, ಕತೆಗಾರ.”

ಜನ ಚಪ್ಪಾಳೆ ತಟ್ಟಿದರು. “ತಿದ್ದು ಅಂತ ಹೇಳಿದ್ದೇ ನಾನು,” ಎಂದ ಟೈಲರ್. ಪತ್ರಕ್ಕೆ ಕಟ್ಟು ಹಾಕಿಸಿ ಕನ್ನಡಿಯ ಮೇಲೆ ತೂಗುಹಾಕಬೇಕೆಂದು ಮೇಷ್ಟ್ರು ಅಪ್ಪಣೆ ಮಾಡಿದರು. ರಾಕೆಟ್ಟನಿಗೆ ಅದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಿಜ ಹೇಳಿದರೆ ಎಂಥ ಕತೆಯನ್ನು ಕೊಂದೆನೆಂದು ಹೇಳಬೇಕು.

ಹೆಂಡತಿ ಹತ್ತಿರ ಬಂದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು, ಒಂದಿಷ್ಟು ನಾಚಿಕೆಯೂ ಇತ್ತು.

“ನೀವು ಹೇಳಿದ್ದೇ ಸರಿ ಆಯ್ತಲ್ರೀ. ನಾನೊಬ್ಬಳು ದಡ್ಡಿ,” ಎಂದಳು. “ನೀವು ನನ್ನ ಟೀವಿ ಪಕ್ಕ ಕೂರಿಸಿದ ದಿನಾನೇ ನಂಗೆ ಅನ್ನಿಸಿತ್ತು, ಇವನು ಆ ಕಮಾಂಡರ್ ಅಲ್ಲ, ಅವನ ಹಾಗೇ ಇರೋ ಇನ್ಯಾರೋ ಅಂತ. ಹೆತ್ತ ತಾಯಿ ಫೋಟೋ ಯಾರಾದ್ರೂ ಮರೀತಾರಾ? ಹೇಳಿದ್ರೆ ನೀವು ನಗ್ತೀರಂತ ಸುಮ್ನಿದ್ದೆ.”

“ಇನ್ನೊಬ್ಬ ಕಮಾಂಡರ್ ಅಂತೆ,” ಎಂದು ಮೇಷ್ಟ್ರು ಮೊದಲು ನಕ್ಕರು. ಟೈಲರ್ ಹೊಟ್ಟೆ ಹಿಡಿದುಕೊಂಡ. ಅಂಗಡಿಗೆ ಅಂಗಡಿಯೇ ನಕ್ಕಿತು, ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದುದರಿಂದ ರಾಕೆಟ್ಟನೂ ನಗಬೇಕಾಯಿತು.