ಗಿಟಾರಿಗೆ ಹರಿದ ರೊಟ್ಟಿ

ಹನ್ನೊಂದನೆಯ ರೊಟ್ಟಿ ಅಂಗೈಯಗಲದಿಂದ ತಟ್ಟೆಯಗಲಕ್ಕೆ ಬರುವ ಹೊತ್ತಿಗೆ ಹಾಡು ಗಕ್ಕನೆ ನಿಂತಿತು. ಮಹಾನಂದಾಳ ಕೈಯೂ ನಿಂತಿತು. ಮುಗಿಯಿತೇನೋ ಎಂದು ರೊಟ್ಟಿಯನ್ನು ಎತ್ತಲು ಹೋದಾಗ, ಗಾಳಿಗೆ ಛಾವಣಿಯ ತಗಡು ಕಿತ್ತು ಬಿದ್ದಂತೆ ಸ್ಪೀಕರಿನಲ್ಲಿ ಡ್ರಮ್ಮು ಬಡಿಯಿತು, ಹಿಂದೆಯೇ ಗಿಟಾರು ಕಿರುಚಿತು. ರೊಟ್ಟಿ ನಡುವೆ ಹರಿದು ಎರಡಾಯಿತು.

"ನಂದೂ ಹರೀತು ನೋಡ್," ಎಂದಳು ಎದುರಿನ ಒಲೆಯ ಸುಭದ್ರಾಬಾಯಿ. "ಅಫಜಲಪುರ ತಾಲೂಕಿನ ನಕಾಶೆ ಆಗ್ಯಾದ. ಇದನ್ನ ಯಾರು ತಿಂತಾರ ಬೇ?"

ಜೇವರ್ಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎಂಟು ಹೆಂಗಸರ ಆ ರೊಟ್ಟಿ ಕೇಂದ್ರವಿತ್ತು. ಮಹಾನಂದಾ ಅದರ ಹಿರಿಯಳು. ಅಂದರೆ ರೊಟ್ಟಿ ಛಲೋ ಆದರೆ ಎಲ್ಲರಿಗೂ ಹೆಸರು, ಕೆಟ್ಟರೆ ಅವಳಿಗೊಬ್ಬಳಿಗೆ. ಅಂದು ಅಂದೋಲಾದ ಒಂದು ಮನೆಯ ಸೀಮಂತಕ್ಕೆ ಏಳುನೂರು ಕಡಕ ರೊಟ್ಟಿ ಹೋಗಬೇಕಿತ್ತು. ಐದು ಗಂಟೆಗೆ ಗಾಡಿ ಬರುವುದಿತ್ತು.

ಎರಡು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದುದು 'ಭೀಮಾ ಕರೆಂಟ್' ತಂಡದ ತಾಳಕ್ಕೆ. ಕಲಬುರಗಿಯ ನಾಲ್ಕು ಜನ ಹುಡುಗರು ಕಂಪ್ಯೂಟರು, ಕೀಬೋರ್ಡು ಇಟ್ಟುಕೊಂಡು ಮಾಡಿದ ಸಂಗೀತ. ಅದರಲ್ಲಿ ಮಾತಿರಲಿಲ್ಲ, ಟಪ್ ಟಪ್ ಟಪ್ ಟಪ್ ಎಂಬ ಒಂದೇ ಪೆಟ್ಟು, ಅದರ ಮೇಲೆ ತೇಲುವ ಒಂದು ಗುಂಯ್ ನಾದ. ಮೂವತ್ತೆರಡು ಪೆಟ್ಟಿಗೆ ಒಂದು ರೊಟ್ಟಿ. ಎಂಟು ಜನ ಬಡಿದರೂ ಒಬ್ಬಳೇ ಬಡಿದಂತೆ ಎಲ್ಲವೂ ಒಂದೇ ತೆಳುವು. ಗಿರಾಕಿಗಳಿಗೆ ಈ ಗುಟ್ಟು ಗೊತ್ತಿರಲಿಲ್ಲ, ಆ ಹುಡುಗರಿಗಂತೂ ಮೊದಲೇ ಗೊತ್ತಿರಲಿಲ್ಲ.

ಹಿಂದಿನ ದಿನ ಆ ತಂಡ ಹೊಸ ಹಾಡುಗಳನ್ನು ಬಿಟ್ಟಿತ್ತು. ಕಂಪ್ಯೂಟರು ಮೂಲೆಗೆ ಸರಿದು ಗಿಟಾರು, ಡ್ರಮ್ಮು, ಕೂಗುವ ಗಾಯಕ ಬಂದಿದ್ದರು. ಎಲ್ಲರಂತೆ ಇವರೂ ರಾಕ್ ಆದರು, ಹೆಸರಿಗೆ ಬಾಯಿಬಿಟ್ಟರು ಎಂದು ಅಭಿಮಾನಿಗಳಲ್ಲಿ ಅರ್ಧ ಜನ ಮುನಿದಿದ್ದರು. ಈಗ ಜೀವ ಬಂತು ಎಂದು ಉಳಿದರ್ಧ ಜನ ಕುಣಿದಿದ್ದರು. ಬೈಗುಳ ತಾಳಲಾರದೆ ತಂಡದವರು ಒಂದು ನಂಬರು ಕೊಟ್ಟು, ನಿಮ್ಮ ಅಭಿಪ್ರಾಯವನ್ನು ದನಿಯಲ್ಲೇ ಹೇಳಿ ಕಳಿಸಿ ಎಂದಿದ್ದರು.

"ಯಕ್ಕಾ, ಬಂದ್ ಮಾಡಬ್ಯಾಡ," ಎಂದಳು ಶೈಲಶ್ರೀ. ಇಪ್ಪತ್ತನಾಲ್ಕರ ಅವಳಿಗೆ ಮದುವೆಯಾಗಿ ಎರಡು ವರ್ಷ. "ಆಂವ ಒದರಿದಾಗ ನನ್ನ ಎದೀ ಹಗುರಾಗ್ತದ. ಮನ್ಯಾಗ ನಾ ಒದರಾಕ ಆಗ್ತದೇನು?"

"ನಿನ್ನ ಎದೀ ಹಗುರಾಗಾಕ ನಮ್ಮ ರೊಟ್ಟಿ ಹರೀಬೇಕೇನ್?" ಎಂದಳು ಸುಭದ್ರಾಬಾಯಿ. " ಮೊದಲಿನ ಹಾಡಿನ್ಯಾಗ ಯಾರೂ ಏನೂ ಹೇಳತಿರಲಿಲ್ಲ ನೋಡು, ಅದಽ ಸುಖ. ದಿನಾ ಮುಂಜಾನಿಂದ ಸಂಜೀತನಾ ಮಂದಿ ಹೇಳೋದು ಕೇಳೀ ಕೇಳೀ ಕಿವಿ ಸೋತಾವ."

ಹಳೆಯದರ ಕಡೆ ನಾಲ್ವರು, ಹೊಸದರ ಕಡೆ ಮೂವರು. ಉಳಿದವಳು ಮಹಾನಂದಾ. ಮೂವರು ಸಿಟ್ಟಿನಿಂದ ಜೋರಾಗಿ ಬಡಿದರು, ನಾಲ್ವರು ಬಡಿಯುವುದನ್ನೇ ಬಿಟ್ಟರು. ಹನ್ನೆರಡಕ್ಕೆ ಎಣಿಸಿದಾಗ ಇನ್ನೂರು ರೊಟ್ಟಿಯೂ ಆಗಿರಲಿಲ್ಲ.

"ಇವತ್ತ ಆ ಹುಡುಗರಿಗಿ ಹೇಳಿಬಿಡು," ಎಂದಳು ಸುಭದ್ರಾಬಾಯಿ. "ಇಲ್ಲಂದ್ರ ನಾವು ನಾಕೂ ಮಂದಿ ಬಸವೇಶ್ವರಿ ಕೇಂದ್ರಕ್ಕ ಹೋಗ್ತೇವಿ. ಅಕೀ ಕರೀಲಿಕತ್ತು ತಿಂಗಳಾತು."

ಬಸವೇಶ್ವರಿಯ ರೊಟ್ಟಿ ಕೇಂದ್ರ ರಸ್ತೆಯ ಆಚೆ ಬದಿಗೇ ಇತ್ತು. ನಾಲ್ವರು ಎದ್ದರೆ ಅಂದೋಲಾದ ರೊಟ್ಟಿಯಷ್ಟೇ ಅಲ್ಲ, ಈ ಶೆಡ್ಡೂ ಮುಚ್ಚಿದಂತೆಯೇ. ಮುಚ್ಚಿದರೆ ಮಹಾನಂದಾಳಿಗೆ ದಿನದ ಎಂಟು ತಾಸು ಮನೆಯಲ್ಲದ ಇನ್ನೊಂದು ಜಾಗವಿರುವುದಿಲ್ಲ. ಅವಳು ಫೋನು ಎತ್ತಿ, ಜೇವರ್ಗಿಯಿಂದ ಎಂದು ಹೇಳಿ, ಎಲ್ಲರೆದುರೇ ಮಾತಾಡಿದಳು: "ನಾವು ಎಲ್ಲಾರೂ ಒಂದಽ ಮನಸಿನವ್ರು ಇದ್ದೇವ್ರಿ. ನಿಮ್ಮ ಹಳೇದಽ ಛಲೋ ಐತ್ರಿ."

ನಾಲ್ವರು ಖುಷಿಯಾಗಿ ಹಂಚಿನ ಮುಂದೆ ಕೂತರು. ಮೂವರು ಎದ್ದರು.

ಶೈಲಶ್ರೀ ಮಹಾನಂದಾಳನ್ನು ಕಟ್ಟಿಗೆ ಒಟ್ಟಿದ ಹಿತ್ತಲಿಗೆ ಕರೆದೊಯ್ದಳು. "ಯಕ್ಕಾ, ನೀನೂ ಅವರ ಕಡೀನ? ಆತು ಬಿಡು, ನಾವೂ ದಾರಿ ನೋಡ್ಕೋತೇವಿ. ಬಸವೇಶ್ವರಿ ಅಕ್ಕಾಗ ನಾಕು ಮಂದಿ ಆದ್ರೇನು, ಮೂರು ಮಂದಿ ಆದ್ರೇನು."

"ಹಂಗ್ಯಾಕಂತಿ, ನಿಂದೂ ಖರೇನಽ ಅದ," ಎಂದು ಮಹಾನಂದಾ ದನಿ ತಗ್ಗಿಸಿ ಇನ್ನೊಂದು ಕಳಿಸಿದಳು: "ನಾವು ಎಲ್ಲಾರೂ ಒಂದಽ ಮನಸಿನವ್ರು ಇದ್ದೇವ್ರಿ. ನಿಮ್ಮ ಹೊಸಾದಽ ಛಲೋ ಐತ್ರಿ. ಯಾರ ಮಾತೂ ಕೇಳಬ್ಯಾಡ್ರಿ."

ಹಿತ್ತಲಿನ ಗೋಡೆಯ ಆಚೆಗೆ ಬುರಾನುದ್ದೀನನ ಹಿಟ್ಟಿನ ಗಿರಣಿ. ಕರೆಂಟು ಹೋಗಿ ಗಿರಣಿ ನಿಂತಿತ್ತು. ಗೋಡೆಯ ಮೇಲೆ, ಹಿಟ್ಟು ಮೆತ್ತಿ ಬೆಳ್ಳಗಾದ ಅವನ ತಲೆ ಹುಣ್ಣಿಮೆಯ ಚಂದ್ರನಂತೆ ಮೂಡಿತು.

"ಮಹಾನಂದಾ ಬಾಯಾರ, ಎರಡೂ ಕೇಳಿಸ್ಕೊಂಡೇನಿ ನೋಡ್ರಿ. ಮೊದಲಿಂದು ಕಿಡಕಿಯಿಂದ, ಎರಡನೇದು ಇಲ್ಲಿಂದ."

"ಭಾಯಿ, ನಿಮ್ಮ ಕಾಲು ಬೀಳ್ತೇನಿ, ಒಳಗ ಹೇಳಬ್ಯಾಡ್ರಿ."

"ತೋಬಾ, ನಾ ಯಾಕ ಹೇಳ್ಲಿ? ಆದ್ರ ಮುಂಜಾನಿಂದ ಸಂಜೀತನಾ ಇದನ್ನೆಲ್ಲಾ ನಾನೂ ಕೇಳಬೇಕಲ್ರಿ? ನನಗ ಟಪ್ ಟಪ್ಪೂ ಬ್ಯಾಡ, ಆ ಗದ್ದಲನೂ ಬ್ಯಾಡ. ಒಂದು ಕವ್ವಾಲಿ ಮಾಡ್ರಂತ ಹೇಳ್ರಿ. ನಿಮ್ಮ ಮಾತು ನಡೀತದ, ನೀವು ಹಿರೇರು."

ತನ್ನ ಮಾತು ನಡೆಯುತ್ತದೆ ಎಂದು ಯಾರಾದರೂ ಹೇಳಿ ಬಹಳ ವರ್ಷವಾಗಿತ್ತು. ಮಹಾನಂದಾಳಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಮೂರನೆಯದನ್ನೂ ಕಳಿಸಿದಳು: "ನಾವು ಎಲ್ಲಾರೂ ಒಂದಽ ಮನಸಿನವ್ರು ಇದ್ದೇವ್ರಿ. ಕವ್ವಾಲಿನಽ ಛಲೋ ಐತ್ರಿ."

ಒಳಗೆ ಬಂದರೆ ಶಾಂತಿ. ಮೂವರಿಗೂ ನಾಲ್ವರಿಗೂ ತಾವೇ ಗೆದ್ದೆವೆಂಬ ತೃಪ್ತಿ. ಹಾಡೇ ಬೇಡ ಎಂದು ಸ್ಪೀಕರು ಆರಿಸಿ, ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆ ಬಡಿದರು. ರೊಟ್ಟಿ ಕೆಲವು ದಪ್ಪ, ಕೆಲವು ತೆಳ್ಳಗೆ ಬಂದವು; ಬಂದವಲ್ಲ ಅಷ್ಟೇ ಸಾಕು ಎಂದುಕೊಂಡಳು ಮಹಾನಂದಾ. ಹರಿದವನ್ನು ಅಡಿಗೆ ಹಾಕಿ ನೆಟ್ಟಗಿದ್ದವನ್ನು ಮೇಲೆ ಜೋಡಿಸಿದಳು. ಮೂರೂವರೆಗೆ ಐನೂರು ದಾಟಿತ್ತು.

ಆಗ ಮಸರತಳ ಫೋನು ಗುಂಯ್ಗುಟ್ಟಿತು. ಹಳೆಯದರ ಪಾರ್ಟಿಯ ಮಸರತ ಕಡಿಮೆ ಮಾತಿನವಳು, ಫೋನಿನಲ್ಲಿ ಎಲ್ಲರಿಗಿಂತ ಮೊದಲು ಎಲ್ಲವನ್ನೂ ನೋಡುವವಳು. "ಭೀಮಾ ಕರೆಂಟಿಂದು ಹೊಸಾದು ಬಂತು," ಎಂದು ಸ್ಪೀಕರಿಗೆ ಹಚ್ಚಿದಳು.

ಮೊದಲು ತಂಡದ ಪ್ರಬುದ್ಧನೆಂಬ ಹುಡುಗನ ದನಿ ಬಂತು. "ನಿನ್ನೆಯಿಂದ ಇನ್ನೂರಾ ಒಂದು ಮಂದಿ ಮಾತು ಕಳಿಸ್ಯಾರ್ರಿ. ನೂರು ಮಂದಿ ಹಳೇದು ಬೇಕಂತಾರ, ನೂರು ಮಂದಿ ಹೊಸಾದು ಬೇಕಂತಾರ. ಎಲ್ಲಾ ಬೇಕಂದವ್ರು ಒಬ್ಬರಽ. ಜೇವರ್ಗಿಯ ಆ ಅಕ್ಕಾರಿಗಿ ಈ ಹಾಡು."

ಟಪ್ ಟಪ್ ಟಪ್ ಟಪ್. ಹಳೆಯದೇ ಪೆಟ್ಟು. ಸುಭದ್ರಾಬಾಯಿಯ ಮುಖ ಅರಳಿತು. ಪೆಟ್ಟಿನ ಮೇಲೆ ಒಂದು ಹೆಣ್ಣುದನಿ ಏರಿತು: "ನಾವು ಎಲ್ಲಾರೂ ಒಂದಽ ಮನಸಿನವ್ರು, ಒಂದಽ ಮನಸಿನವ್ರು, ಒಂದಽ ಮನಸಿನವ್ರು ಇದ್ದೇವ್ರಿ..."

ಎಂಟೂ ಹಂಚುಗಳ ಮುಂದೆ ಕೈಗಳು ನಿಂತವು.

"ಹಳೇದಽ ಛಲೋ ಐತ್ರಿ!" ಡ್ರಮ್ಮು ಧಡಾರನೆ ಬಿತ್ತು. "ಹೊಸಾದಽ ಛಲೋ ಐತ್ರಿ! ಯಾರ ಮಾತೂ ಕೇಳಬ್ಯಾಡ್ರಿ!" ಗಿಟಾರು ಕಿರುಚಿತು. ಆಮೇಲೆ ಹತ್ತು ಜನ ಚಪ್ಪಾಳೆ ತಟ್ಟಿದ ಸದ್ದಿನ ನಡುವೆ, "ಕವ್ವಾಲಿನಽ ಛಲೋ ಐತ್ರಿ!"

ಗೋಡೆಯಾಚೆ ಬುರಾನುದ್ದೀನ "ವಾಹ್ ವಾಹ್!" ಎಂದ. ಮಹಾನಂದಾ ತಪ್ಪಿಸಿಕೊಳ್ಳಲು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಆಗಲೇ ಎರಡು ಸಲ ತಿರುವಿದ್ದ ರೊಟ್ಟಿ.

"ಇಂಥಾದ್ದು ಇತ್ತೇನ್ ಬೇ ನಿನ್ನ ಹೊಟ್ಟ್ಯಾಗ?" ಎಂದಳು ಸುಭದ್ರಾಬಾಯಿ.

"ನನ್ನ ಎದುರಿಗಿ ನಿಂದೂ ಖರೆ ಅಂದೀ ಯಕ್ಕಾ," ಎಂದಳು ಶೈಲಶ್ರೀ.

"ಇಬ್ಬರಿಗೂ ಖರೆ ಅಂದಾಳ. ಗಿರಣಿ ಭಾಯಿಗೂ ಅಂದಾಳ," ಎಂದಳು ಮಸರತ. ಆ ದಿನ ಅವಳು ಆಡಿದ ಅತಿ ಉದ್ದದ ಮಾತು ಅದು.

ಸುಭದ್ರಾಬಾಯಿ ಸೆರಗು ಬಿಗಿದಳು. ಎಲ್ಲರೂ ಎದ್ದು ಹೋಗುವರೆಂದೇ ಮಹಾನಂದಾ ಕಣ್ಣು ಮುಚ್ಚಿದಳು. ಆದರೆ ಸುಭದ್ರಾಬಾಯಿ ಅಂದದ್ದು ಬೇರೆ: "ಮಸರತ, ತಿರಗಿ ಹಚ್ಚು. ಪೆಟ್ಟು ಛಲೋ ಅದ."

ಪೆಟ್ಟು ಛಲೋ ಇತ್ತು. ಟಪ್ ಟಪ್ ಕೈಗೆ, ಗಿಟಾರು ಎದೆಗೆ. ಏಳು ಹೆಂಗಸರು ಒಂದೇ ಸಿಟ್ಟಿನಿಂದ ಬಡಿದ ರೊಟ್ಟಿ ಕಾಗದದಷ್ಟು ತೆಳ್ಳಗೆ ಎದ್ದು ಬಂತು. ಒಂದೊಂದು ಪೆಟ್ಟೂ ತನ್ನ ಕೆನ್ನೆಗೇ ಬಿದ್ದಂತೆ ಮಹಾನಂದಾಳಿಗೆ ಕೇಳುತ್ತಿತ್ತು. ಐದಕ್ಕೆ ಹತ್ತು ನಿಮಿಷ ಇರುವಾಗಲೇ ಏಳುನೂರಾ ಮೂವತ್ತು ಆದವು. ಅಡಿಯಲ್ಲಿ ಹರಿದಿದ್ದವನ್ನೆಲ್ಲ ತೆಗೆದು ಹೊಸ ರೊಟ್ಟಿ ಜೋಡಿಸಿದರು. ಗಾಡಿ ಹೋಯಿತು. ಕೇಂದ್ರ ಉಳಿಯಿತು. ಹಳೆಯ ಪಾರ್ಟಿ, ಹೊಸ ಪಾರ್ಟಿ ಸೇರಿ ಒಂದೇ ಪಾರ್ಟಿಯಾಯಿತು, ಹೊರಗೆ ಉಳಿದವಳು ಒಬ್ಬಳು.

ನಿಂತ ಕಾಲಿನಲ್ಲೇ ಫೈಸಲಾ ಆಯಿತು. ನಾಳೆಯಿಂದ ಹಾಡು ಮಸರತಳ ಫೋನಿನಲ್ಲಿ. ಹಾಡು ಇದೊಂದೇ, ಬೆಳಗಿನಿಂದ ಸಂಜೆಯವರೆಗೆ. ಮಹಾನಂದಾ ಇನ್ನು ರೊಟ್ಟಿ ಬಡಿಯುವುದಲ್ಲ, ಹಿಟ್ಟು ನಾದುವುದು. ಹಿಟ್ಟಿನಂತೆ ಒತ್ತಿದ ಕಡೆ ಬಾಗಿ ಎಲ್ಲಕ್ಕೂ ಹೌದು ಅನ್ನುವವಳಿಗೆ ಅದೇ ಸರಿಯಾದ ಕೆಲಸ ಎಂದಳು ಸುಭದ್ರಾಬಾಯಿ, ಎಲ್ಲರೂ ನಕ್ಕರು. ರಸ್ತೆಯಾಚೆ ಬಸವೇಶ್ವರಿಯ ಕೇಂದ್ರದಿಂದಲೂ ಆಗಲೇ "ಒಂದಽ ಮನಸಿನವ್ರು" ಕೇಳಿಬರುತ್ತಿತ್ತು.

ಮಹಾನಂದಾ ಹಿಟ್ಟು ನಾದುವ ಪರಾತ ತೊಳೆಯುತ್ತ ಕೂತಳು. ಆ ಇಡೀ ದಿನದಲ್ಲಿ ನಿನಗೆ ಯಾವುದು ಸೇರುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು. ಉತ್ತರ ತಟ್ಟನೆ ಬಂತು. ನಿನ್ನೆ ಬಂದ ಹೊಸ ಹಾಡುಗಳಲ್ಲಿ ಕೊನೆಯದು. ಅದರಲ್ಲಿ ಡ್ರಮ್ಮಿಲ್ಲ, ಕೂಗಿಲ್ಲ, ಟಪ್ ಟಪ್ಪೂ ಇಲ್ಲ. ಒಂದೇ ಒಂದು ಗಿಟಾರು, ಹೋಗಲೋ ಬೇಡವೋ ಎನ್ನುವಂತೆ ನಿಂತು ನಿಂತು ನಡೆಯುತ್ತದೆ. ಆ ಹಾಡಿಗೆ ಒಂದು ರೊಟ್ಟಿಯನ್ನೂ ಬಡಿಯಲಾಗದು.

ಎಲ್ಲರೂ ಎಂಟಕ್ಕೆ ಬರುತ್ತಾರೆ. ನಾಳೆ ತಾನು ಆರಕ್ಕೇ ಬಂದು, ಒಳಗಿನಿಂದ ಅಗಳಿ ಹಾಕಿಕೊಂಡು, ಒಲೆ ಹೊತ್ತಿಸದೆ, ಹಿಟ್ಟಿಗೆ ಕೈ ಹಚ್ಚದೆ, ಎರಡು ತಾಸು ಅದನ್ನೇ ಕೇಳುತ್ತ ಸುಮ್ಮನೆ ಕೂರುವುದು. ನಾಳೆಯಷ್ಟೇ ಅಲ್ಲ, ದಿನವೂ.

"ನಾಳಿ ಎಷ್ಟಕ್ಕ ಬರ್ತಿ ಬೇ?" ಎಂದು ಸುಭದ್ರಾಬಾಯಿ ಚಪ್ಪಲಿ ಮೆಟ್ಟುತ್ತ ಕೇಳಿದಳು.

"ಎಂಟಕ್ಕ," ಎಂದಳು ಮಹಾನಂದಾ.