ಸೋಡಾ ಕಾರ್ಖಾನೆಯಲ್ಲಿ ಎಲ್ಲ ಸರಿ ಉಂಟು

ಕೆಲಸದಲ್ಲಿ ನಾನು ತಪ್ಪೇ ಮಾಡಿದವನಲ್ಲ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೇರೆಯವರು ಕೆಲಸ ಮಾಡುವುದನ್ನು ಕುರ್ಚಿಯಲ್ಲಿ ಕುಳಿತು ನೋಡುವವನಿಗೆ ತಪ್ಪು ಮಾಡುವ ಅವಕಾಶವಾದರೂ ಎಲ್ಲಿ ಸಿಗುತ್ತದೆ? ಐವತ್ತರ ದಶಕದ ಕೊನೆಯಲ್ಲಿ, ಎರಡನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದ ಗತ್ತಿನಲ್ಲಿ, ಪುತ್ತೂರಿನ ಹಸನಬ್ಬ ಸಾಹುಕಾರರ ಗೋಲಿ ಸೋಡಾ ಕಾರ್ಖಾನೆಗೆ ನಾನು ಸೂಪರ್‌ವೈಸರ್ ಆಗಿ ಸೇರಿದೆ. ಕಾರ್ಖಾನೆ ಎಂದರೆ ಒಂದು ಕೋಣೆ, ಕೈಯಲ್ಲಿ ತಿರುಗಿಸುವ ಒಂದು ಯಂತ್ರ, ಒಂದು ಗ್ಯಾಸ್ ಸಿಲಿಂಡರ್. ಕೆಲಸಕ್ಕೆ ಇಬ್ಬರು: ಬಾಟಲಿ ತೊಳೆದು ನೀರು ತುಂಬುವ ದೇವಕಿಯಕ್ಕ ಮತ್ತು ಯಂತ್ರ ತಿರುಗಿಸಿ ಗ್ಯಾಸ್ ತುಂಬಿಸುವ ಕೂಸಪ್ಪ. ಇಬ್ಬರನ್ನು ನೋಡಿಕೊಳ್ಳಲು ಮೂರನೆಯವನೊಬ್ಬ ಯಾಕೆ ಎಂಬ ಪ್ರಶ್ನೆ ನನಗೂ ಹುಟ್ಟಿತ್ತು. ತಿಂಗಳು ತಿಂಗಳು ಸಂಬಳ ಬರುತ್ತಿದ್ದುದರಿಂದ ಅದನ್ನು ಹೆಚ್ಚು ಬೆಳೆಸಲಿಲ್ಲ.

ಸಾಹುಕಾರರು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಎಲ್ಲ ಸರಿ ಉಂಟಾ ಮಾರಾಯ್ರೆ?" ಎಂದು ಕೇಳುತ್ತಿದ್ದರು. ನಾನು ಪತ್ರಿಕೆಯಿಂದ ತಲೆಯೆತ್ತಿ "ಉಂಟು" ಎನ್ನುತ್ತಿದ್ದೆ. ಹೀಗೆ ಸುಖವಾಗಿ ನಡೆಯುತ್ತಿರುವಾಗ ಸುಳ್ಯದ ಒಂದು ಹೋಟೆಲಿನಿಂದ ಎರಡು ಪೆಟ್ಟಿಗೆ ಸೋಡಾ ವಾಪಸು ಬಂತು. ಬಸ್ಸಿನ ಮಾಡಿನ ಮೇಲೆ ಕುಲುಕಾಡಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಗ್ಯಾಸೆಲ್ಲ ಹೋಗಿ, ಬಾಟಲಿಯ ಬಾಯಿಗೆ ಅಂಟಿಕೊಂಡಿರಬೇಕಾದ ಗೋಲಿ ಕೆಳಗೆ ಬಿದ್ದಿತ್ತು. ಒಳಗಿದ್ದದ್ದು ಪುತ್ತೂರಿನ ಶುದ್ಧ ಬಾವಿನೀರು.

"ಕೂಸಪ್ಪ ತಿರುಗಿಸುದು ಕಮ್ಮಿ ಮಾಡಿದ್ದಾನೆ," ಎಂದರು ಸಾಹುಕಾರರು. "ಇನ್ನೊಂದು ಸಲ ಚಪ್ಪೆ ಸೋಡಾ ವಾಪಸು ಬಂದರೆ ಅವನನ್ನು ಮನೆಗೆ ಕಳಿಸುದೇ."

ಕೂಸಪ್ಪ ಹನ್ನೊಂದು ವರ್ಷದಿಂದ ಆ ಯಂತ್ರ ತಿರುಗಿಸಿದವನು. ನರಿಮೊಗರಿನಿಂದ ದಿನಾ ನಡೆದು ಬರುತ್ತಿದ್ದ. ಮನೆಯಲ್ಲಿ ಮೂರು ಮಕ್ಕಳು. ಆ ದಿನ ಎಷ್ಟು ತಿರುಗಿಸಿದನೆಂದರೆ ಎರಡು ಬಾಟಲಿ ಒಡೆದವು.

ಅವನ ಕೆಲಸ ಉಳಿಸುವ ಭಾರ ನನ್ನ ಮೇಲೆ ಬಿತ್ತು ಎಂದು ನಾನೇ ತೀರ್ಮಾನಿಸಿದೆ. ಮನುಷ್ಯರು ಮಾಡುವ ತಪ್ಪನ್ನು ಬೇರುಸಹಿತ ಕೀಳಬೇಕು. ಮೊದಲು "ಎಚ್ಚರಿಕೆಯಿಂದ ಕೆಲಸ ಮಾಡಿರಿ" ಎಂದು ಒಂದು ಬೋರ್ಡು ಬರೆಸಿದೆ. ಅದಕ್ಕೆ ಮೊಳೆ ಹೊಡೆಯುವಾಗ ಗೋಡೆ ಅದುರಿ ಹಲಗೆಯ ಮೇಲಿನ ನಾಲ್ಕು ಬಾಟಲಿ ಕೆಳಗೆ ಬಿದ್ದವು. ಕೂಸಪ್ಪನಿಗೆ ಓದು ಬರುತ್ತಿರಲಿಲ್ಲ. ಓದು ಬರುತ್ತಿದ್ದ ದೇವಕಿಯಕ್ಕ ಬೋರ್ಡನ್ನೂ ಚೂರುಗಳನ್ನೂ ನನ್ನನ್ನೂ ಒಮ್ಮೆ ನೋಡಿದಳು. ಆಮೇಲೆ ಕೆಲಸದ ಹೊತ್ತಿನಲ್ಲಿ ಇಬ್ಬರೂ ಮಾತಾಡಬಾರದೆಂದು ಕಟ್ಟುಮಾಡಿದೆ. ಮಾತಿಲ್ಲದ್ದಕ್ಕೆ ಕೂಸಪ್ಪ ತಿರುಗಿಸುತ್ತಲೇ ತೂಕಡಿಸಿದ.

ಕೊನೆಗೆ ಒಂದು ಪುಸ್ತಕ ಮಾಡಿದೆ. ಪ್ರತಿ ಪೆಟ್ಟಿಗೆಗೂ ಕುರ್ಚಿಯಿಂದಲೇ ಕೇಳುವುದು. "ರಬ್ಬರ್ ಸರಿ ಉಂಟಾ?" ಬಾಟಲಿಯ ಕತ್ತಿನೊಳಗೆ ಒಂದು ರಬ್ಬರಿನ ಬಳೆ ಇರುತ್ತದೆ, ಗೋಲಿ ಅದಕ್ಕೆ ಒತ್ತಿ ಕುಳಿತರೆ ಮಾತ್ರ ಗ್ಯಾಸ್ ನಿಲ್ಲುವುದು. ದೇವಕಿಯಕ್ಕ "ಉಂಟು" ಎನ್ನುವಳು. "ತಿರುಗಿಸಿದ್ದು ಸರಿ ಉಂಟಾ?" ಕೂಸಪ್ಪ "ಉಂಟು" ಎನ್ನುವನು. ನಾನು ಟಿಕ್ ಹಾಕುವುದು. ಅಷ್ಟು ಚಂದದ ಪುಸ್ತಕವನ್ನು ನಾನು ಮತ್ತೆ ಬರೆದಿಲ್ಲ.

ಒಂದು ದಿನ ದೇವಕಿಯಕ್ಕ ಬಾವಿಕಟ್ಟೆಗೆ ಹೋಗಿದ್ದಾಗ ಅಭ್ಯಾಸಬಲದಿಂದ "ರಬ್ಬರ್ ಸರಿ ಉಂಟಾ?" ಎಂದೆ. "ಉಂಟು" ಎಂಬ ಉತ್ತರ ಬಂತು. ಟಿಕ್ ಹಾಕಿ ತಲೆಯೆತ್ತಿದರೆ, ಹೇಳಿದವರು ಸೋಡಾ ಕುಡಿಯಲು ಬಂದಿದ್ದ ಪೋಸ್ಟ್‌ಮ್ಯಾನು.

ನನಗೆ ಕೋಡಿಂಬಾಳದ ನನ್ನ ಚಿಕ್ಕಪ್ಪನ ನೆನಪಾಯಿತು. ಯಾರ ಮನೆಗೆ ಹೋಗಿ "ಊಟ ಆಯಿತಾ?" ಎಂದು ಕೇಳಿಸಿಕೊಂಡರೂ "ಆಯಿತು" ಎಂದುಬಿಡುವ ಮನುಷ್ಯ, ಹಾಗೆ ಮೂರು ಮನೆಯಲ್ಲಿ ಬಾಯಿಮಾತಿನಲ್ಲೇ ಊಟ ಮುಗಿಸಿ ನಾಲ್ಕನೆಯ ಮನೆಯ ಅಂಗಳದಲ್ಲಿ ಹಸಿವಿನಿಂದ ತಲೆಸುತ್ತಿ ಬಿದ್ದಿದ್ದರು. ನಮ್ಮ ಕಡೆ ಕೇಳಿದವರ ಮುಖ ನೋಡಿ ಉತ್ತರ ಕೊಡುವುದು. ಹಾಗಾದರೆ ನನ್ನ ಪುಸ್ತಕದ ತುಂಬ ಇದ್ದದ್ದು ಬರೀ ಮರ್ಯಾದೆ.

ದೇವಕಿಯಕ್ಕ ಬಂದ ಮೇಲೆ ಮೊದಲ ಬಾರಿಗೆ ಕುರ್ಚಿಯಿಂದ ಎದ್ದು ಒಂದು ಬಾಟಲಿಯೊಳಗೆ ಬೆರಳು ಹಾಕಿದೆ. ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಇನ್ನೊಂದರಲ್ಲೂ ಅದೇ ಕಥೆ.

"ಇದನ್ನು ಸರಿ ಉಂಟು ಅಂತ ಹೇಳಿದ್ದಾ ಅಕ್ಕ?"

"ಹಾಳಾಗಿದೆ ಅಂತ ದೀಪಾವಳಿಗೆ ಮೊದಲೇ ಹೇಳಿದ್ದೇನಲ್ಲ. ಮಂಗಳೂರಿನಿಂದ ತರಿಸುವ ಅಂತ ನೀವೇ ಹೇಳಿದ್ದು. ಮತ್ತೆ ದಿನಾ ಸರಿ ಉಂಟಾ ಅಂತ ಕೇಳಿದರೆ ನಾನು ಎಂತ ಹೇಳುದು ಮಾರಾಯ್ರೆ? ನಿಮಗೆ ನಾಚಿಕೆ ಆಗುದು ಬೇಡ ಅಂತ ಉಂಟು ಅಂದೆ."

ಹೇಳಿದ್ದಳು, ನಿಜ. ಮರೆತವನು ನಾನು. ಅಷ್ಟರಲ್ಲಿ ಸಾಹುಕಾರರೇ ಬಂದರು. ಹಿಂದೆ ಒಬ್ಬ ಕೂಲಿಯ ತಲೆಯ ಮೇಲೆ ಸುಳ್ಯದಿಂದ ಮತ್ತೆ ವಾಪಸು ಬಂದ ಪೆಟ್ಟಿಗೆ. ಕೂಸಪ್ಪ ಯಂತ್ರ ಬಿಟ್ಟು, ಬೆವರು ಒರೆಸುವ ಹೆಗಲ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಸುಮ್ಮನಿದ್ದರೆ ನನ್ನ ಕುರ್ಚಿ ಉಳಿಯುತ್ತದೆ ಎಂಬ ಯೋಚನೆ ನನಗೆ ಬಂದದ್ದು ಹೌದು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಇವನು ತಿರುಗಿಸುದು ಸರಿ ಉಂಟಾ?" ಎಂದು ಸಾಹುಕಾರರು ನನ್ನನ್ನೇ ಕೇಳಿದರು.

"ಉಂಟು," ಎಂದೆ. "ರಬ್ಬರ್ ಸರಿ ಇಲ್ಲ. ತರಿಸಬೇಕಾದವನು ನಾನು. ಮರೆತೆ."

"ದಿನಾ ಕೇಳಿದ್ದೇನಲ್ಲ ನಾನು?"

"ದಿನಾ ಉಂಟು ಅಂತ ಹೇಳಿದ್ದೇನೆ."

ಸಾಹುಕಾರರು ಕೂಲಿಯ ತಲೆಯಿಂದ ಪೆಟ್ಟಿಗೆ ಇಳಿಸಿದರು. ಮತ್ತೆ ತೀರ್ಪು ಕೊಟ್ಟರು: ಕೂಸಪ್ಪ ಎಲ್ಲಿಗೂ ಹೋಗುವುದು ಬೇಡ. ನಾನು ಇವತ್ತೇ ಬಸ್ಸು ಹತ್ತಿ ಮಂಗಳೂರಿನಿಂದ ರಬ್ಬರ್ ತರಬೇಕು. ತಂದ ಮೇಲೆ ಒಂದು ದಿನ ಯಂತ್ರವನ್ನು ನಾನೇ ತಿರುಗಿಸಬೇಕು. ಆ ದಿನ ಕೂಸಪ್ಪ ಕುರ್ಚಿಯಲ್ಲಿ ಕೂರಲಿ.

ತಿರುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಎರಡು ಕೈಗಳು ಇನ್ನೊಬ್ಬರದ್ದೆಂದು ತೋರತೊಡಗಿದವು. ಊಟದ ತುತ್ತು ಬಾಯಿಯವರೆಗೆ ಬರಲಿಲ್ಲ. ಕೂಸಪ್ಪ ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕುಳಿತು, ನಿಜವಾದ ಮರುಕದಿಂದ ಕೇಳಿದ.

"ಕೈ ಸರಿ ಉಂಟಾ ಮಾರಾಯ್ರೆ?"

"ಉಂಟು," ಎಂದೆ.

ಕೂಸಪ್ಪ ಪುಸ್ತಕ ತೆರೆದು ಟಿಕ್ ಹಾಕಿದ.